ರಾಜೇಸಾಬರ ಸಿಟ್ಟು, ನನ್ನ ಕೆಂಪು ಕಾರು

ಸಿಟ್ಟು ಬಂದರೆ ರಾಜೇಸಾಬ ಮೇಸ್ತ್ರಿ ಮೊದಲು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಡುತ್ತಿದ್ದರು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಬೈಯಲು ಶುರು. ಮಹಾಲಿಂಗಪುರದ ಅವರ ಗ್ಯಾರೇಜಿನಲ್ಲಿ ಬೈಸಿಕೊಳ್ಳದ ಗಿರಾಕಿಯೇ ಇರಲಿಲ್ಲ. ಬೈಗುಳಕ್ಕೆ ಕಾರಣ ಹೆಚ್ಚಾಗಿ ಎಂಜಿನ್ ಅಲ್ಲ, ಕನ್ನಡಿ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಚಂದಕ್ಕೆಂದು ಕನ್ನಡಿಯ ಮೇಲೆ ಉಣ್ಣೆಯ ಗೊಂಡೆ ಇಳಿಬಿಟ್ಟಿದ್ದ. ಮೇಸ್ತ್ರಿ ಅದನ್ನು ಕತ್ತರಿಸಿ ಅವನ ಜೇಬಿಗೇ ತುರುಕಿದರು. "ಮನ್ಯಾಗ ತೊಟ್ಟಲಕ್ಕ ಕಟ್ಟಲೇ ಇದನ್ನ!"

ನಾನು ರಬಕವಿಯ ಸೀರೆ ವ್ಯಾಪಾರಿ. ಅಂಗಡಿ ಕುದುರಿದ ಸೊಕ್ಕಿನಲ್ಲಿ ಒಂದು ನಕಲಿ ಸ್ಪೋರ್ಟ್ಸ್ ಕಾರು ತಂದಿದ್ದೆ. ಒಳಗೆ ಯಾವುದೋ ಹಳೆಯ ಸಣ್ಣ ಕಾರಿನ ಎಂಜಿನ್, ಮೇಲೆ ಕೆಂಪು ಫೈಬರ್ ಮೈ. ಬಲಗಡೆಯ ಕನ್ನಡಿಯನ್ನು ಅಂದ ನೋಡಿ ಕೂರಿಸಿದ್ದರೇ ಹೊರತು ರಸ್ತೆ ನೋಡಿ ಅಲ್ಲ.

ಬ್ರೇಕ್ ತೋರಿಸಲು ಹೋದರೆ ಮೇಸ್ತ್ರಿ ಸೀಟಿನಲ್ಲಿ ಕೂತು ಕನ್ನಡಿ ನೋಡಿದರು. ಇಳಿದು ಕೈ ತೊಳೆದರು.

"ಇದರಾಗ ಬೇವಿನ ಗಿಡದ ತುದಿ ಕಾಣತೈತಿ. ಹಿಂದಿಂದ ಕಾಗಿ ಬಂದು ಹಾರ್ನ್ ಹೊಡಿತಾವೇನಲೇ? ಗಾಡಿ ಖೊಟ್ಟಿ ಇದ್ರ ಇರವಲ್ದ್ಯಾಕ, ಕನ್ನಡಿಯರ ಖರೆ ಹೇಳಬ್ಯಾಡೇನು?"

ಕನ್ನಡಿ ಹೊಂದಿಸಲು ಅವರದೇ ಪದ್ಧತಿ ಇತ್ತು. ಗಾಡಿಯವನು ತನ್ನ ಸೀಟಿನಲ್ಲಿ ಕೂರಬೇಕು, ಮೇಸ್ತ್ರಿ ಹಿಂದೆ ರಸ್ತೆಯಲ್ಲಿ ನಿಲ್ಲುತ್ತಾರೆ. ಕಂಡರೆ ಹೇಳಬೇಕು. ಕಾಣದಿದ್ದರೆ ಅವರು ಬಂದು ಸ್ಕ್ರೂ ಸಡಿಲಿಸಿ, ಹಳೆಯ ಟ್ಯೂಬಿನ ತುಂಡೊಂದನ್ನು ಅಡಿಗೆ ಸೇರಿಸಿ, ಮತ್ತೆ ಹೋಗಿ ನಿಲ್ಲುತ್ತಾರೆ. ನಾಲ್ಕು ಸಲ ಹೀಗಾಯಿತು. ಸುಡುವ ಬಿಸಿಲು. ನನಗೋ ಮುಧೋಳದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗುವ ಅವಸರ. ಎಲ್ಲರೂ ಬಾಗಿಲಲ್ಲಿ ನಿಂತಿರುವಾಗಲೇ ಆ ಕಾರಿನಿಂದ ಇಳಿಯಬೇಕೆಂಬ ಚಪಲ.

"ಕಾಣತೇನೇನಲೇ?" ಐದನೆಯ ಸಲ ಕೂಗಿದರು.

ಕನ್ನಡಿಯಲ್ಲಿ ತಗಡಿನ ಶೆಡ್ಡು ಮಾತ್ರ ಇತ್ತು. "ಹೂಂರಿ, ಪೂರಾ ಕಾಣತೀರಿ," ಎಂದೆ.

ಅಲ್ಲಿಂದ ಹೊರಟು ಬಸ್ ಸ್ಟ್ಯಾಂಡಿನ ಮುಂದೆ ಹಾರ ಕೊಳ್ಳಲು ಕಾರು ನಿಲ್ಲಿಸಿದೆ. ಕೊಂಡು ಬಂದು ಸ್ಟೇರಿಂಗನ್ನು ಒಮ್ಮೆಲೇ ಬಲಕ್ಕೆ ಎಳೆದೆ. ಊಟಕ್ಕೆಂದು ಸೈಕಲ್ ಮೇಲೆ ಹಿಂದಿನಿಂದ ಬರುತ್ತಿದ್ದ ಮೇಸ್ತ್ರಿ ಕಾರಿಗೆ ಬಡಿದು ಬಿದ್ದರು. ತೊಡೆಯ ಎಲುಬು ಮುರಿಯಿತು. ಆ ಗ್ಯಾರೇಜು ಮತ್ತೆ ತೆರೆಯಲಿಲ್ಲ. ಇಷ್ಟು ವರ್ಷವಾದರೂ ಆ "ಪೂರಾ ಕಾಣತೀರಿ" ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಅಪಘಾತದ ನಂತರ ಅವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ.

"ಬರ್ರಿ ಸಾವಕಾರ್ರ, ಕುಂದರ್ರಿ," ಎಂದರು. "ಪೊಲೀಸರಿಗೆ ನಾನ ಅಡ್ಡ ಬಂದೆ ಅಂತ ಹೇಳೇನಿ. ನೀವು ಚಿಂತಿ ಮಾಡಬ್ಯಾಡ್ರಿ."

"ಮೇಸ್ತ್ರಿ, ಅವತ್ತು ಕನ್ನಡ್ಯಾಗ ನೀವು ಕಂಡಿರಲಿಲ್ಲ. ಸುಳ್ಳ ಹೇಳಿದೆ. ಬೈರಿ ನನ್ನ, ಬಾಯಿಗೆ ಬಂದಂಗ ಬೈರಿ."

"ಗೊತ್ತೈತ್ರಿ," ಎಂದರು. ಅಷ್ಟೇ. ನಾನು ಬೈಗುಳಕ್ಕೆ ಕಾದೆ. ಅವರು ಮಂಚದ ಪಕ್ಕ ಕೂತಿದ್ದ ತಮ್ಮ ಮಗಳ ಕಡೆ ತಿರುಗಿದರು.

"ಸಾವಕಾರ್ರಿಗೆ ತಡಾ ಆಗತೈತಿ. ಕಾರಿನ ತನಕ ಕಳಿಸಿ ಬಾ."