ಇಸ್ತ್ರಿ ಅಂಗಡಿಯ ಗೋಡೆಯ ಮೇಲಿನ ಹಕ್ಕಿ

ಇಸ್ತ್ರಿ ಅಂಗಡಿಯಾಕೆಗೆ ಗಂಡನ ಮೇಲೆ ಸಿಟ್ಟು ಬರುವುದು ಹೊಸದೇನಲ್ಲ. ಮದುವೆಯಾಗಿ ಬಂದಂದಿನಿಂದ ಒಂದೇ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಬಟ್ಟೆ ತೀಡಿದವರು. ಆದರೆ ಭಾನುವಾರ ಸಂಜೆಯ ಸಿಟ್ಟೇ ಬೇರೆ. ಆ ಹೊತ್ತಿಗೆ ಅಂಗಡಿ ಗೋಡೆಯ ಮುಂದೆ ಬೀದಿಯ ಜನ ಸೇರುತ್ತಾರೆ, ಗಂಡ ನ್ಯಾಯಾಧೀಶನ ಗತ್ತಿನಲ್ಲಿ ಕೆಮ್ಮುತ್ತಾನೆ, ಒಂದು ಪಾಪದ ಹಕ್ಕಿಯ ಹೆಸರು ಕೆಡುತ್ತದೆ.

ಆಟ ಶುರುವಾದದ್ದು ಒಳ್ಳೆಯ ಬುದ್ಧಿಯಿಂದಲೇ. ಮಹಡಿಯ ಮೇಲೆ ಒಗೆದ ಬಟ್ಟೆ ಹರವಲು ಹೋದಾಗಲೆಲ್ಲ ಅವಳು ಮೊಬೈಲಿನಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದಳು. ಲೈಬ್ರರಿಯ ಹಕ್ಕಿ ಪುಸ್ತಕದ ಜೊತೆ ತಾಳೆ ಹಾಕಿ ಹೆಸರು ಕಲಿಯುತ್ತಿದ್ದಳು. ಚೆನ್ನಾಗಿ ಬಂದದ್ದನ್ನು ಪಕ್ಕದ ಸ್ಟುಡಿಯೋದಲ್ಲಿ ದೊಡ್ಡದಾಗಿ ಹಾಕಿಸಿ ಗೋಡೆಗೆ ಅಂಟಿಸಿದರೆ, ಬಟ್ಟೆಗೆ ಕಾಯುವವರು ಇದ್ಯಾವ ಹಕ್ಕಿ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಸರಿಯಾಗಿ ಹೇಳಿದವರಿಗೆ ಒಂದು ಶರ್ಟು ಬಿಟ್ಟಿ ಇಸ್ತ್ರಿ ಎಂದು ಗಂಡ ಸಾರಿದ. ಫೋಟೋ ತೆಗೆದವರು ಯಾರೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಕ್ಕಿಯ ಸರಿಯಾದ ಹೆಸರನ್ನು ಅವಳು ಭಾನುವಾರ ಬೆಳಿಗ್ಗೆಯೇ ಅವನಿಗೆ ಹೇಳಿಕೊಡುತ್ತಿದ್ದಳು. ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದ.

ಅವನ ಲೆಕ್ಕದಲ್ಲಿ ಹಕ್ಕಿ ಯಾವುದೆಂದು ತೀರ್ಮಾನಿಸುವುದು ಬಟ್ಟೆಯ ಗಂಟು. ದೊಡ್ಡ ಗಂಟು ತಂದವರು ಹೇಳಿದ್ದೇ ಹಕ್ಕಿ. "ಗಿರಾಕಿ ಸೋತು ಮನೆಗೆ ಹೋದ್ರೆ ಮತ್ತೆ ಬರ್ತಾನಾ? ಹಕ್ಕಿಯೇನು ಬಂದು ಜಗಳ ಆಡುತ್ತಾ?" ಎಂಬುದು ಅವನ ವಾದ. ಹೀಗಾಗಿ ಒಂದು ವಾರ ಮೈನಾ ಮರಕುಟಿಗವಾಯಿತು, ಇನ್ನೊಂದು ವಾರ ಕೊಕ್ಕರೆ ಬಾತುಕೋಳಿಯಾಯಿತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಒತ್ತಿ ಒತ್ತಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಹಾಳಾಗಿ ಹೋಗಲಿ, ಆಟ ತಾನೆ.

ಈ ವಾರದ್ದು ಮಾತ್ರ ಹಾಗೆ ಬಿಡುವಂಥದ್ದಲ್ಲ. ಹೆಣ್ಣು ಕೋಗಿಲೆ. ಕಂದು ಮೈ, ಮೇಲೆಲ್ಲ ಬಿಳಿ ಚುಕ್ಕಿ, ಕೆಂಪು ಕಣ್ಣು. ಗಂಡು ಕೂಗಿ ಕೂಗಿ ಊರು ಎಬ್ಬಿಸುತ್ತದೆ, ಇದು ಎಲೆಗಳ ಮರೆ ಬಿಟ್ಟು ಬರುವುದಿಲ್ಲ. ಎಷ್ಟೋ ದಿನ ಒದ್ದೆ ಬೆಡ್‌ಶೀಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತು ತೆಗೆದ ಚಿತ್ರ ಅದು. "ಇದೊಂದಕ್ಕೆ ಸರಿಯಾದ ಹೆಸರು ಹೇಳಿ ರೀ, ನಿಮ್ಮ ದಮ್ಮಯ್ಯ" ಎಂದು ತಿಂಡಿ ಬಡಿಸುವಾಗ ಒಮ್ಮೆ, ಅಂಗಡಿ ತೆಗೆಯುವಾಗ ಇನ್ನೊಮ್ಮೆ ಹೇಳಿದ್ದಳು. ಅವನು ಹೂಂಗುಟ್ಟಿದ್ದ.

ಸಂಜೆ ಲಾಡ್ಜಿನ ಮಾಲೀಕ ಬಂದ. ವಾರ ವಾರವೂ ಗಾಡಿ ತುಂಬ ಬೆಡ್‌ಶೀಟು ಕಳಿಸುವ ಆಸಾಮಿ. ಫೋಟೋ ಸರಿಯಾಗಿ ನೋಡಲೂ ಇಲ್ಲ, "ಗಿಡುಗ" ಎಂದ.

"ಭೇಷ್ ಸಾಹುಕಾರ್ರೇ, ಗಿಡುಗವೇ" ಎಂದ ಗಂಡ.

"ಗಿಡುಗ ಅಲ್ಲ." ಅವಳ ಬಾಯಿಂದ ಬಂದೇಬಿಟ್ಟಿತು. "ಗಿಡುಗದ ಕೊಕ್ಕು ಕೊಕ್ಕೆ ಥರ ಬಾಗಿರುತ್ತೆ. ಇದು ಹೆಣ್ಣು ಕೋಗಿಲೆ."

"ಕೋಗಿಲೆ ಕಪ್ಪಗಿರುತ್ತಲ್ಲಮ್ಮ?" ಎಂದ ಮಾಲೀಕ.

"ಅದು ಗಂಡು."

ಗಂಡ ನಕ್ಕು ಮಾತು ತೇಲಿಸಲು ನೋಡಿದ. "ಅವಳಿಗೇನು ಗೊತ್ತು ಬಿಡಿ, ಬಟ್ಟೆ ತೀಡೋದು ಬಿಟ್ರೆ."

"ಫೋಟೋ ತೆಗೆದೋಳು ನಾನು" ಎಂದಳು ಅವಳು. "ಇದೊಂದೇ ಅಲ್ಲ, ಎಲ್ಲಾನೂ."

ಮಾಲೀಕ ಅವಳ ಗಂಡನ ಮುಖ ನೋಡಿದ, ಗೋಡೆ ನೋಡಿದ. "ಹಾಗಾದ್ರೆ ಹೋದ ತಿಂಗಳು ನಾನು ಗೆದ್ದ ಹದ್ದು?"

"ಪಾರಿವಾಳ."

ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದೆ ಗೆದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ತಮ್ಮ ಹಕ್ಕಿಯ ನಿಜ ಹೆಸರು ಕೇಳಿಕೊಂಡರು. ಒಬ್ಬರೂ ಮುನಿಸಿಕೊಳ್ಳಲಿಲ್ಲ, ಒಂದು ಗಂಟೂ ವಾಪಸ್ ಹೋಗಲಿಲ್ಲ.

ಅಂಗಡಿಯ ಶಟರ್ ಎಳೆಯುತ್ತ ಗಂಡ ಕೇಳಿದ, "ಅದು ನಿಜವಾಗ್ಲೂ ಕೋಗಿಲೇನಾ?"

"ಬೆಳಿಗ್ಗೆಯಿಂದ ಅದನ್ನೇ ಬಡ್ಕೊಂಡೆನಲ್ಲ."

"ಬಡ್ಕೊಂಡೆ, ಸರಿ. ನೀನು ಬಾಯಿಗೆ ಬಂದದ್ದು ಏನೋ ಒಂದು ಹೆಸರು ಹೇಳ್ತೀಯ ಅಂದ್ಕೊಂಡಿದ್ದೆ. ಪ್ರತಿ ವಾರವೂ."

ಅವನಿಗೆ ಸರಿಯುತ್ತರ ಗೊತ್ತು, ಗಿರಾಕಿಯ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಾನೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಬೈದುಕೊಂಡರೂ, ಹೊಟ್ಟೆಪಾಡಿಗೆ ತಾನೆ ಎಂದು ಒಳಗೊಳಗೇ ಮನ್ನಿಸಿದ್ದಳು. ಈಗ ಮನ್ನಿಸಲು ಯಾವ ನೆಪವೂ ಉಳಿಯಲಿಲ್ಲ. ಬೀಗದ ಕೈಯನ್ನು ಅವನ ಕೈಗಿಟ್ಟು, ಅವನು ಬರುವುದನ್ನು ಕಾಯದೆ ಮನೆಯ ಕಡೆ ಹೊರಟಳು.