ಹೊಳಪು ನೋಡುವ ಕಣ್ಣು

ಕಾವಲಿ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಊರಿನ ಹೆಂಗಸರೆಲ್ಲ ನೀರು ಚಿಮುಕಿಸುತ್ತಾರೆ. ನಾನು ಮಾತ್ರ ಅದರ ಮೇಲೆ ತುಸು ಎತ್ತರದಲ್ಲಿ ಅಂಗೈ ಹಿಡಿದು ಕಾವು ನೋಡುತ್ತೇನೆ. ಕಾದ ಲೋಹಕ್ಕೆ ತಣ್ಣನೆಯದು ತಾಗಿದಾಗ ಏಳುವ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಗಬೇಡಿ. ಕೆ.ಆರ್. ಪುರದ ತೂಗುಸೇತುವೆಗೆ ಇನ್ನೂ ಕಂಬ ಏಳುತ್ತಿದ್ದ ಕಾಲದಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹತ್ತಿರದ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆವು. ಅಲ್ಲಿ ಎಲ್ಲರೂ ಇಂಥದೊಂದು ಸದ್ದಿಗೆ ಹೆದರಿಕೊಂಡೇ ಬದುಕುತ್ತಿದ್ದೆವು.

ಯಂತ್ರಗಳಲ್ಲಿ ತಿರುಗಿ ತಿರುಗಿ ಸವೆದ ಉಕ್ಕಿನ ದಂಡಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳ ಮೈಮೇಲೆ ಗಟ್ಟಿ ಲೋಹದ ಪುಡಿಯನ್ನು ಉರಿಯೊಡನೆ ಊದಿ ಲೇಪಿಸಿ, ಕುಲುಮೆಯಲ್ಲಿಟ್ಟು ಕಾಯಿಸಿದರೆ, ಲೇಪ ಕರಗಿ ಉಕ್ಕಿನೊಡನೆ ಬೆಸೆದುಕೊಂಡು ಸುಲಭಕ್ಕೆ ಸವೆಯದಂತಾಗುತ್ತದೆ. ಕುಲುಮೆ ನೋಡಿಕೊಳ್ಳುವ ಕೆಲಸ ನಮ್ಮ ಯಜಮಾನರದು. ಕರಗುವ ಗಳಿಗೆಯಲ್ಲಿ ಲೇಪದ ಮೇಲೆ ಬೆವರಿದಂತೆ ಒಂದು ಹೊಳಪು ಹರಡುತ್ತದೆ. ಕಾವು ಅಳೆಯುವ ಮೀಟರು ಏನೇ ಹೇಳಲಿ, ಕಿಂಡಿಯಲ್ಲಿ ಕಣ್ಣಿಟ್ಟು ಆ ಹೊಳಪನ್ನು ಕಂಡರೇ ಇವರಿಗೆ ಸಮಾಧಾನ. ಆಮೇಲೆ ದಂಡವನ್ನು ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಅವಸರಪಟ್ಟರೆ ಟಿಣ್ ಎಂದು ಲೇಪ ಬಿರಿಯುತ್ತದೆ. ಕಣ್ಣಿಗೆ ಕಾಣದ ಅಂಥ ಬಿರುಕನ್ನು ಹುಡುಕುವುದು ನನ್ನ ಕೆಲಸ: ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ, ಬಿರುಕು ಗೆರೆಯಾಗಿ ಮೇಲೇಳುತ್ತದೆ. ಯಾರು ಏನೇ ಹೇಳಲಿ, ಪರೀಕ್ಷಿಸದೆ ನಂಬದಿರುವುದಕ್ಕೇ ನನಗೆ ಸಂಬಳ.

ಹೀಗಿರುವಾಗ ಕಾರ್ಖಾನೆಗೆ ಲೇಸರ್ ಯಂತ್ರ ಬಂತು. ಕುಲುಮೆ ದಂಡವನ್ನು ಹೊಟ್ಟೆಯೊಳಗಿನವರೆಗೂ ಕಾಯಿಸಿದರೆ, ಇದು ಚರ್ಮವನ್ನಷ್ಟೇ ಕ್ಷಣದಲ್ಲಿ ಕರಗಿಸಿ ಮುಂದೆ ಸರಿಯುತ್ತದೆ. ದಂಡ ಸೊಟ್ಟಗಾಗದು, ಲೇಪ ಇನ್ನಷ್ಟು ಗಟ್ಟಿ. ಮೊದಲೇ ಬೆಚ್ಚಗೆ ಮಾಡಿಕೊಳ್ಳದಿದ್ದರೆ ಬಿರಿಯುವ ಭಯ ಇಲ್ಲೂ ಇದ್ದದ್ದೇ. ಆದರೆ ಇದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಾಣದೆಯೇ ಕಣ್ಣನ್ನು ಸುಡುತ್ತದೆ. ಅದಕ್ಕೇ ಅದರ ಬಳಿ ನಿಲ್ಲುವವರಿಗೆಲ್ಲ ದಟ್ಟ ಹಸಿರು ಕನ್ನಡಕ. ಇವರನ್ನೂ ಅದರ ಕೆಲಸಕ್ಕೆ ಹಾಕಿದರು.

"ಇದ್ರಲ್ಲಿ ಹೊಳಪೇ ಕಾಣಲ್ವಲ್ಲ ಸಾರ್, ಕರಗಿದ್ಯೋ ಇಲ್ವೋ ಹೆಂಗ್ ಗೊತ್ತಾಗತ್ತೆ?" ಎಂದು ಇವರು ಲೇಸರ್ ಎಂಜಿನಿಯರನ್ನು ಕೇಳಿದರು.

"ಅದೆಲ್ಲ ಮಷೀನ್ ನೋಡ್ಕೊಳತ್ತೆ. ನೀವು ಗ್ಲಾಸ್ ಮಾತ್ರ ತೆಗೀಬೇಡಿ ಅಣ್ಣ," ಎಂದರು ಎಂಜಿನಿಯರು.

ಒಂದು ದಿನ ಎಂಜಿನಿಯರು ಕಂಪ್ಯೂಟರಿನತ್ತ ತಿರುಗಿದಾಗ ಇವರು ಹೊಳಪು ನೋಡಲೆಂದು ಕನ್ನಡಕ ಎತ್ತಿಬಿಟ್ಟರು. ಒಗ್ಗರಣೆ ಹಾಕುವವಳು ಸಾಸಿವೆ ಸಿಡಿಯಿತೇ ಎಂದು ಬಗ್ಗಿ ನೋಡಿದಷ್ಟೇ ಸಹಜವಾಗಿ! ಬೇರೆ ಯಾರೂ ಮಾಡದ ತಪ್ಪು ಅದು. ಕುಲುಮೆಯವನು ಮಾತ್ರ ಮಾಡಬಲ್ಲ. ನೋವಾಗಲಿಲ್ಲ. "ಫಳ್ ಅಂತು ಅಷ್ಟೇ ಕಣೇ," ಎಂದರು ಸಂಜೆ. ಮರುದಿನವೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ.

ಬಲಗಣ್ಣಿನ ಒಳಪರದೆಯ ನಟ್ಟನಡುವೆ ಸುಟ್ಟಿದೆ, ಮಾಯಬಹುದು, ನೋಟದ ನಡುಭಾಗವೇ ಹೋಗಲೂಬಹುದು ಎಂದರು ಕಣ್ಣಿನ ಡಾಕ್ಟರು. ದಿನವೂ ಎಡಗಣ್ಣು ಮುಚ್ಚಿ ಚೌಕಳಿ ಗೆರೆಗಳ ನಡುವಿನ ಚುಕ್ಕಿ ನೋಡಬೇಕು. ಗೆರೆ ಡೊಂಕಾದರೆ, ಚುಕ್ಕಿ ಮಾಯವಾದರೆ, ಒಂದು ದಿನವೂ ತಡಮಾಡದೆ ಬರಬೇಕು. ಕಗ್ಗದಾಸಪುರದ ನಮ್ಮ ಅಡುಗೆಮನೆಯ ಗೋಡೆಯ ಬಿಳಿ ಟೈಲ್ಸಿನ ಸಂದುಗಳೇ ಚೌಕಳಿ ಗೆರೆಗಳಾದವು; ಅವುಗಳ ನಡುವೆ ನನ್ನ ಹಣೆಯ ಕೆಂಪು ಬೊಟ್ಟನ್ನೇ ಅಂಟಿಸಿದೆ. ಹಲಸೂರಿನ ಗುಡಿಯಲ್ಲಿ ಹರಕೆಯನ್ನೂ ಹೊತ್ತೆ.

ಆಗ ತಿಳಿಯಿತು ನೋಡಿ, ಭಯದಲ್ಲೂ ಎರಡು ಬಗೆ. ಒಂದು ಮೈಯ ಮೇಲೆ ಫಕ್ಕನೆ ಹಾದು ಆರಿಹೋಗುವುದು. ಇನ್ನೊಂದು ಕುಲುಮೆಯ ಕಾವಿನಂತೆ ಒಳಗೊಳಗೇ ಇಳಿದು, ಹಾಲು ಕಾಯಿಸುವಾಗಲೂ ಬಸ್ಸಿಗೆ ನಿಂತಾಗಲೂ ಬಿಡದೆ ಸುಡುವುದು. ನನಗೆ ಹತ್ತಿದ್ದು ಎರಡನೆಯದು. ದಿನ ಬೆಳಗಾದರೆ ಇವರದು ಒಂದೇ ಮಾತು: "ಕಾಣ್ತಿದೆ ಕಣೇ, ಗೆರೆ ಎಲ್ಲ ನೆಟ್ಟಗಿವೆ." ಆದರೆ ಇವರು ಸುರಿಯುವ ಕಾಫಿ ಲೋಟದ ಆಚೆ ಚೆಲ್ಲುತ್ತಿತ್ತು. ಕೈ ಜಾರಿತು ಎನ್ನುತ್ತಿದ್ದರು. ದಿನಾ ಜಾರುವ ಕೈಯನ್ನು ಎಲ್ಲಾದರೂ ಕಂಡಿದ್ದೀರಾ?

ಒಂದು ಬೆಳಗ್ಗೆ ತಡೆಯಲಾಗಲಿಲ್ಲ. "ಮೊದ್ಲು ಎರಡೂ ಕಣ್ಣು ಮುಚ್ಕೊಳ್ಳಿ, ಆಮೇಲೆ ಬಲಗಣ್ಣು ಮಾತ್ರ ಬಿಡಿ," ಎಂದೆ. ಇವರು ಮುಚ್ಚಿಕೊಂಡಾಗ ಸದ್ದಿಲ್ಲದೆ ಬೊಟ್ಟು ಕಿತ್ತುಕೊಂಡೆ.

ಎಡಗಣ್ಣಿಗೆ ಅಂಗೈ ಒತ್ತಿ, ಬರೀ ಬಿಳಿ ಗೋಡೆಯನ್ನು ನೋಡುತ್ತ ಇವರು ಹೇಳಿದರು: "ಕಾಣ್ತಿದೆ ಕಣೇ. ಕೆಂಪಗೆ, ನಡುವೇನೇ ಇದೆ."

"ಈಗ ಕೈ ತೆಗೀರಿ," ಎಂದು ಬೊಟ್ಟು ಅಂಟಿದ್ದ ಬೆರಳನ್ನು ಮುಂದೆ ಚಾಚಿದೆ. ಇವರು ಅಂಗೈ ತೆಗೆದು ನೋಡಿದರು. ಖಾಲಿ ಗೋಡೆ ಕಂಡಿತು. ನನ್ನ ಬೆರಳ ತುದಿಯ ಬೊಟ್ಟೂ ಕಂಡಿತು.

"ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ ಕಣೇ."

"ಅವತ್ತಿಂದ ಹೆದರ್ಕೊಂಡೇ ಇದೀನಲ್ರೀ. ನೀವು ಸುಳ್ಳು ಹೇಳಿದ್ದಕ್ಕೆ ಒಬ್ಳೇ ಹೆದರ್ಬೇಕಾಯ್ತು."

ಇವರು ಅಲ್ಲೇ ನೆಲದ ಮೇಲೆ ಕುಳಿತರು. "ನಂಗೂ ತುಂಬಾ ಭಯ ಆಗ್ತಿದೆ," ಎಂದರು. ಮದುವೆಯಾದಂದಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಇಬ್ಬರೂ ಆಸ್ಪತ್ರೆಯ ಬಸ್ಸಿಗೆ ಹೊರಟೆವು.