ಮುಳ್ಳಿನ ಕ್ಯಾಮೆರಾ ಮತ್ತು ಅಂತರಪಟ

ನನ್ನ ಹಳೆಯ ಕ್ಯಾಮೆರಾ ಗೋರೆಗಾಂವಿನ ನಮ್ಮ ಬಾಲ್ಕನಿಯಲ್ಲಿ ಪ್ರಾಣ ಬಿಟ್ಟಿತು. ಕೆಳಗೆ ಮೊಸರು ಕುಡಿಕೆ ಒಡೆಯುವ ದಹಿ ಹಂಡಿಯ ಗದ್ದಲ, ಮೇಲೆ ನಾನು ಬಟನ್ ಒತ್ತುತ್ತಿದ್ದೇನೆ, ಷಟರ್ ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಅಣ್ಣ ಕೊಟ್ಟಿದ್ದ ಎಸ್‌ಎಲ್‌ಆರ್ ಅದು. ಬೆಳಕು ಅಳೆಯುವ ಮೀಟರ್ ಅದರಲ್ಲಿ ಇರಲಿಲ್ಲ. ಆಕಾಶ ನೋಡಿ, ನೆರಳು ನೋಡಿ, ಅಂದಾಜಿನ ಮೇಲೆ ಚಿತ್ರ ತೆಗೆದು ಕೈ ಪಳಗಿಸಿಕೊಂಡಿದ್ದೆ. ರಿಪೇರಿಯವನು ಕೈಚೆಲ್ಲಿದ. ಹೊಸದು ಕೊಳ್ಳುವುದೇ ಸೈ ಎಂದು ಅಂದೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಫೋರ್ಟಿನ ಬ್ಯಾಂಕಿನಲ್ಲಿ ದಿನವಿಡೀ ದುಡಿಯುವವಳು ನಾನು, ಕೇಳುವುದೇನು ಬಂತು?

ಕೇಳದಿದ್ದರೂ ಹೇಳುವವರು ಮನೆಯಲ್ಲೇ ಇದ್ದರು. ನನ್ನ ಗಂಡನ ಆಫೀಸಿನ ಗೆಳೆಯನೊಬ್ಬ ಸಿಂಗಾಪುರದಿಂದ ಆಟೋಮ್ಯಾಟಿಕ್ ಎಸ್‌ಎಲ್‌ಆರ್ ತಂದಿದ್ದ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ಬಂದ ಮೇಲೆ ಇವರಿಗೆ ಬೇರೆ ಮಾತೇ ಇಲ್ಲ.

"ಎಲ್ಲಾ ಅದೇ ಮಾಡುತ್ತೆ ಕಣೆ. ಫೋಕಸ್ಸೂ ಅದೇ, ಲೈಟೂ ಅದೇ. ನೀನು ಸುಮ್ನೆ ನಿಂತಿದ್ರೆ ಆಯ್ತು."

"ಸುಮ್ನೆ ನಿಲ್ಲೋಕೆ ನಿಮ್ಮನ್ನ ಇಟ್ಕೊಂಡಿದೀನಲ್ಲ," ಎಂದೆ.

ತಮಾಷೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ನಾದಿನಿಯ ಮದುವೆ ಗೊತ್ತಾಯಿತು. ದಾದರಿನ ಹಾಲ್ ಒಂದರಲ್ಲಿ ಮುಹೂರ್ತ. ಮಾವ ತೀರಿಕೊಂಡಿದ್ದರಿಂದ ಧಾರೆ ಎರೆಯುವ ಕೆಲಸ ಗಂಡನ ಚಿಕ್ಕಪ್ಪ ಚಿಕ್ಕಮ್ಮನ ಪಾಲಿಗೆ ಬಂತು. ಬಂದದ್ದೇ ತಡ, ಚಿಕ್ಕಮ್ಮ ಮೈಸೂರಿನಿಂದ ಇಳಿದು ಕಾನೂನು ಹೊರಡಿಸಿದರು: ಮುಹೂರ್ತದ ಗಳಿಗೆಯಲ್ಲಿ ನಮ್ಮತ್ತೆ ಮಂಟಪದ ಹತ್ತಿರ ಸುಳಿಯಬಾರದು, ಉಗ್ರಾಣದ ಕೋಣೆಯಲ್ಲಿ ಇರಬೇಕು. ಗಂಡ ಇಲ್ಲದವರು, ಶುಭ ಅಲ್ಲವಂತೆ. ಹೆತ್ತ ಮಗಳ ಮದುವೆ. ನನ್ನ ಮೈಯೆಲ್ಲಾ ಉರಿದುಹೋಯಿತು. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟವಳನ್ನು ಅತ್ತೆಯೇ ಅಡುಗೆಮನೆಗೆ ಎಳೆದುಕೊಂಡು ಹೋದರು.

"ಬೇಡ ಕಣಮ್ಮ. ಮದುವೆ ಮನೇಲಿ ರಂಪ ಆದ್ರೆ ನನ್ ಮಗಳೇ ಅಳೋದು. ಅಂತರಪಟ ಸರಿಸ್ತಾರಲ್ಲ, ಆ ಗಳಿಗೇಲಿ ಅವಳ ಮುಖ ಹೇಗಿತ್ತು ಅಂತ ಒಂದು ಫೋಟೋ ತೆಗೆದುಕೊಡು. ನಾನು ಆಮೇಲೆ ನೋಡ್ಕೋತೀನಿ."

ವಧೂವರರ ನಡುವೆ ಪುರೋಹಿತರು ಹಿಡಿಯುವ ಆ ಬಿಳಿ ಬಟ್ಟೆ ಸರಿಯುವುದು ಒಂದೇ ಸಲ. ಜೀರಿಗೆ ಬೆಲ್ಲ ತಲೆಯ ಮೇಲೆ ಬಿದ್ದರೆ ಮುಗಿಯಿತು, ಇನ್ನೊಮ್ಮೆ ಸರಿಸಿ ಎನ್ನಲು ಅದು ನಾಟಕದ ಪರದೆಯಲ್ಲ. ನಾನು ಹೂಂ ಎಂದೆ. ಎಂದ ಮೇಲೆ ಕೈಯಲ್ಲಿ ಕ್ಯಾಮೆರಾವೇ ಇಲ್ಲ ಎಂಬುದು ನೆನಪಾಯಿತು.

ಮರುದಿನ ಊಟದ ಬಿಡುವಿನಲ್ಲಿ ಫೋರ್ಟಿನ ಕ್ಯಾಮೆರಾ ಅಂಗಡಿಗೆ ಹೋದೆ. ಗಂಡನೂ ಬಂದರು. ಅಂಗಡಿಯವನು ಅವರೊಬ್ಬರನ್ನೇ ನೋಡುತ್ತಾ ಎರಡು ಎಸ್‌ಎಲ್‌ಆರ್ ತೆಗೆದಿಟ್ಟ. ಒಂದು ಆಟೋಮ್ಯಾಟಿಕ್. ಇನ್ನೊಂದರಲ್ಲಿ ಕಣ್ಣಿಟ್ಟು ನೋಡಿದರೆ ಅಂಚಿನಲ್ಲಿ ಗಡಿಯಾರದ್ದರಂಥ ಒಂದು ಮುಳ್ಳು. ಬೆಳಕು ಹೆಚ್ಚಾದರೆ ಮೇಲೆ, ಕಡಿಮೆಯಾದರೆ ಕೆಳಗೆ. ಮುಳ್ಳು ನಡುವೆ ನಿಲ್ಲುವವರೆಗೆ ರಿಂಗ್ ತಿರುಗಿಸುವುದು ನಮ್ಮ ಕೆಲಸ. ಆ ಮುಳ್ಳನ್ನು ಆಡಿಸುವುದು ಒಳಗಿನ ಸೆನ್ಸರ್. ಈಗಿನ ಹುಡುಗರು ಸೆನ್ಸರ್ ಎಂದರೆ ಚಿತ್ರ ಹಿಡಿಯುವ ಚಿಪ್ ಎನ್ನುತ್ತಾರೆ. ನಮಗೆ ಚಿತ್ರ ಹಿಡಿಯಲು ಫಿಲ್ಮ್ ಇತ್ತು. ಸೆನ್ಸರ್ ಎಂದರೆ ಬೆಳಕನ್ನು ಅಳೆಯುವ ಕಣ್ಣು, ಅಷ್ಟೆ.

"ಯೇ ಲೇಲೋ ಸಾಬ್," ಅಂಗಡಿಯವನು ಆಟೋಮ್ಯಾಟಿಕ್ ಅನ್ನು ಮುಂದೆ ತಳ್ಳಿದ. "ಮೇಡಂ ಕೋ ಸಿರ್ಫ್ ಬಟನ್ ದಬಾನಾ ಹೈ." ಮೇಡಂ ಬಟನ್ ಒತ್ತಿದರೆ ಸಾಕಂತೆ.

"ಬಟನ್ ದಬಾನೇ ಕೇ ಲಿಯೇ ಘರ್ ಮೇ ಮಿಕ್ಸರ್ ಹೈ," ಎಂದೆ. ಬಟನ್ ಒತ್ತುವ ಚಪಲಕ್ಕೆ ಮನೆಯಲ್ಲಿ ಮಿಕ್ಸರ್ ಇತ್ತಲ್ಲ.

ಆಗ ಅವನು ನನ್ನ ಕಡೆ ತಿರುಗಿದ. ಎರಡನ್ನೂ ಬಾಗಿಲ ಬಳಿ ಒಯ್ದು ಗಂಡನ ಬಿಳಿ ಶರ್ಟಿಗೆ ಹಿಡಿದೆ, ಆಮೇಲೆ ಅವರ ಕೈಯಲ್ಲಿದ್ದ ಕರಿ ಕೊಡೆಗೆ ಹಿಡಿದೆ. ನಿಂತ ಜಾಗ ಅದೇ, ಬಿಸಿಲು ಅದೇ. ಆದರೂ ಶರ್ಟಿಗೊಂದು ಲೆಕ್ಕ, ಕೊಡೆಗೊಂದು ಲೆಕ್ಕ. ಎರಡು ಕ್ಯಾಮೆರಾಗಳೂ ಅಲ್ಲಿ ಮೋಸ ಹೋದವು. ಬಿಳಿ ಕಂಡರೆ ಬೆಳಕು ಜಾಸ್ತಿ ಎಂದುಕೊಂಡು ಚಿತ್ರವನ್ನು ಕಪ್ಪಾಗಿಸುವುದು ಆ ಕಣ್ಣಿನ ಹುಟ್ಟುಗುಣ. ವ್ಯತ್ಯಾಸ ಇಷ್ಟೇ: ಮುಳ್ಳಿನದು ಮೋಸ ಹೋದರೆ ನನಗೆ ಕಾಣುತ್ತದೆ, ನಾನು ತಿದ್ದಬಹುದು. ಆಟೋಮ್ಯಾಟಿಕ್ ತಾನು ಅಳೆದದ್ದನ್ನೇ ಸತ್ಯವೆಂದು ಹಿಡಿದು ಕೂರುತ್ತದೆ. ಅಂಥವರು ನಮ್ಮ ಬ್ಯಾಂಕಿನಲ್ಲಿ ಬೇಕಾದಷ್ಟು ಜನ ಇದ್ದರು. ಮುಳ್ಳಿನ ಕ್ಯಾಮೆರಾವನ್ನೇ ಕಟ್ಟಿಕೊಡಲು ಹೇಳಿದೆ.

ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ಗಂಡ, ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ಯಾರನ್ನೂ ಒಳಗೆ ಬಿಡದೆ ನಿಂತವರಂತೆ ಮುಖ ಊದಿಸಿಕೊಂಡಿದ್ದರು. "ಅಮ್ಮ ಕೇಳಿರೋದು ಒಂದೇ ಒಂದು ಫೋಟೋ. ನಿನ್ನ ಹಟಕ್ಕೆ ಅದೂ ಹಾಳಾದ್ರೆ?" ಎಂದರು. ಆ ಮಾತು ಚುಚ್ಚಿತು, ಯಾಕೆಂದರೆ ನನಗೂ ಅದೇ ಭಯವಿತ್ತು. ಮದುವೆಯ ದಿನಕ್ಕೆ ಅವರು ಗೆಳೆಯನ ಆಟೋಮ್ಯಾಟಿಕ್ ಕೇಳಿ ತಂದರು. ನನ್ನದು ಕೈಕೊಟ್ಟರೆ ಅವರದು ಇರಲಿ ಎಂದು. ನಾನು ಬೇಡ ಎನ್ನಲಿಲ್ಲ.

ಮದುವೆಗೆ ಮುನ್ನ ಮನೆಯ ಹೆಂಗಸರೆಲ್ಲ ಎರಡೂ ಕೈಗೆ ಗೋರಂಟಿ ಹಚ್ಚಿಸಿಕೊಂಡರು. ನಾನು ಬಲಗೈ ಮಾತ್ರ ಚಾಚಿದೆ. ಬೆಳಕು ಅಳೆಯಲು ನನ್ನ ಅಂಗೈಯಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ ಎಂದು ಬಾಲ್ಕನಿಯಲ್ಲಿ ಒಂದು ರೋಲ್ ಫಿಲ್ಮ್ ಖರ್ಚು ಮಾಡಿ ಕಂಡುಕೊಂಡಿದ್ದೆ. ಮುಖದ ಮೇಲೆ ಬೀಳುವ ಬೆಳಕನ್ನೇ ಅಂಗೈ ಮೇಲೆ ಬೀಳಿಸಿ, ಅದನ್ನು ಅಳೆದು, ಲೆನ್ಸಿನ ರಿಂಗನ್ನು ಒಂದು ಹಲ್ಲು ತಿರುಗಿಸಿ ಬೆಳಕಿನ ಕಿಂಡಿ ತೆರೆದರೆ ಮುಖ ಮುಖದಂತೆ ಬರುತ್ತದೆ. ಅಂಗೈ ಕೆಂಪಾದರೆ ಲೆಕ್ಕ ಕೆಟ್ಟಿತು. "ಮುತ್ತೈದೆ ಒಂದು ಕೈ ಬೋಳು ಬಿಟ್ಕೊಂಡು ಓಡಾಡೋದೇನೆ?" ಎಂದು ಚಿಕ್ಕಮ್ಮ ರಾಗ ಎಳೆದರು. "ಅವಳ ಕೈ ಅವಳಿಗೆ ಬಿಡು," ಎಂದರು ಅತ್ತೆ. ಆ ಮದುವೆಯಲ್ಲಿ ಅವರು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಮುಹೂರ್ತ ಬಂತು. ಅತ್ತೆ ಉಗ್ರಾಣ ಸೇರಿದರು. ನಾನು ವರನ ಬೆನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ, ಸ್ಟೂಲ್ ಹತ್ತಿದೆ. ಪಕ್ಕದಲ್ಲೇ ಗಂಡ, ಆಟೋಮ್ಯಾಟಿಕ್ ಹಿಡಿದು. ಪುರೋಹಿತರು ಅಂತರಪಟ ಹಿಡಿದರು, ವಿಡಿಯೋದವನು ದೊಡ್ಡ ಲೈಟು ಹಾಕಿದ. ಬಿಳಿ ಬಟ್ಟೆ ಕಣ್ಣು ಕೋರೈಸುವಂತೆ ಹೊಳೆಯಿತು. ಗಳಿಗೆ ತಪ್ಪಬಾರದೆಂದು ಗಂಡ ಆಗಲೇ ಬಟನ್ನನ್ನು ಅರ್ಧ ಒತ್ತಿ ಸಿದ್ಧವಾಗಿ ನಿಂತರು. ಅಷ್ಟು ಒತ್ತಿದರೆ ಆ ಕ್ಯಾಮೆರಾ ಕಂಡ ಬೆಳಕನ್ನು ಗಂಟು ಹಾಕಿಕೊಂಡುಬಿಡುತ್ತದೆ, ಬೆರಳು ತೆಗೆಯುವ ತನಕ ಲೆಕ್ಕ ಬದಲಿಸುವುದಿಲ್ಲ. ಅದಕ್ಕೆ ಕಂಡದ್ದು ಬಟ್ಟೆ.

ನಾನು ಎಡಗೈಯನ್ನು ಆ ಲೈಟಿಗೆ ಚಾಚಿದೆ. ರಿಂಗ್ ತಿರುಗಿಸಿದೆ, ಮುಳ್ಳು ನಡುವೆ ನಿಂತಿತು. ಒಂದು ಹಲ್ಲು ತೆರೆದೆ. ಗಟ್ಟಿಮೇಳ ಎಂದರು, ಬಟ್ಟೆ ಸರಿಯಿತು, ಅಕ್ಷತೆ ಹಾರಿತು. ಒತ್ತಿದೆ. ಪಕ್ಕದಲ್ಲಿ ಇನ್ನೊಂದು ಕ್ಲಿಕ್ ಕೇಳಿಸಿತು.

ಪ್ರಿಂಟುಗಳು ಬಂದ ಸಂಜೆ ನಾನೂ ಗಂಡನೂ ಡೈನಿಂಗ್ ಟೇಬಲ್ಲಿನ ಆಚೆ ಈಚೆ ಕೂತು ಲಕೋಟೆ ಬಿಚ್ಚಿದೆವು. ಅವರ ಚಿತ್ರದಲ್ಲಿ ವರನ ಜರಿ ಪೇಟದ ಅಂಚೊಂದು ಮಿನುಗುತ್ತಿತ್ತು. ಉಳಿದದ್ದೆಲ್ಲ ಕರೆಂಟ್ ಹೋದಾಗ ತೆಗೆದಂತೆ. ನಾದಿನಿಯ ಮುಖದ ಜಾಗದಲ್ಲಿ ಮಸಿ. ನನ್ನದರಲ್ಲಿ ಅವಳ ಮೂಗುತಿಯ ಹರಳು, ಹಣೆಯ ಬೆವರು, ಗಾಳಿಯಲ್ಲೇ ಇದ್ದ ಅಕ್ಕಿಕಾಳು ಎಲ್ಲಾ ಇತ್ತು. ನಾನು ಎದ್ದು ನಿಂತು, ಪಂದ್ಯ ಗೆದ್ದವಳಂತೆ ಟೇಬಲ್ಲಿಗೆ ಒಂದು ಸುತ್ತು ಹಾಕಿದೆ. ಗಂಡ ತಲೆ ತಗ್ಗಿಸಿ, "ಆಯ್ತು ಮಾರಾಯ್ತಿ, ಕೂತ್ಕೋ," ಎಂದರು. ಅಷ್ಟು ಖುಷಿ ನನಗೆ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಒಂದೇ ಕೊರತೆ. ನಾದಿನಿ ವರನನ್ನು ನೋಡುತ್ತಿರಲಿಲ್ಲ. ಬೆಲ್ಲದ ಕೈ ಅವನ ತಲೆಯ ಮೇಲಿದೆ, ಕಣ್ಣು ಮಾತ್ರ ಅವನ ಭುಜ ದಾಟಿ, ನನ್ನ ಕ್ಯಾಮೆರಾವನ್ನೂ ದಾಟಿ ಎತ್ತಲೋ ಹೋಗಿತ್ತು. "ಎಷ್ಟು ಹೇಳಿದ್ದೆ ಇವಳಿಗೆ, ಎದುರಿಗೆ ನೋಡೇ ಅಂತ," ಎಂದು ಗೊಣಗುತ್ತಲೇ ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಿನ್ನ ಬೆನ್ನ ಹಿಂದೆ ಏನಿತ್ತು ಹೇಳು," ಎಂದರು.

ನನ್ನ ಬೆನ್ನ ಹಿಂದೆ ಜನ, ಜನರ ಹಿಂದೆ ಉಗ್ರಾಣದ ಬಾಗಿಲು.

"ಬಾಗಿಲು ಮುಚ್ಚಿತ್ತು. ನಾನು ಅವಳಿಗೆ ಕಂಡೇ ಇಲ್ಲ," ಎಂದರು ಅತ್ತೆ. "ಆದ್ರೂ ನೋಡಿದಾಳೆ ನೋಡು."

ಚಿಕ್ಕಮ್ಮ ಇನ್ನೂ ಮೈಸೂರಿಗೆ ಹೊರಟಿರಲಿಲ್ಲ, ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದರು. ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಫೋಟೋ ಹಿಡಿದು ಆ ಕೋಣೆಗೆ ಹೋದರು. ನಾವಿಬ್ಬರೂ ಬಾಗಿಲ ತನಕ ಹಿಂಬಾಲಿಸಿದೆವು. ಅತ್ತೆ ದನಿ ಏರಿಸಲಿಲ್ಲ.

"ಮುಹೂರ್ತದಲ್ಲಿ ನನ್ನ ಮಗಳು ಮೊದಲು ನೋಡಿದ್ದು ನನ್ನನ್ನ," ಎಂದರು.